ಸೌಟು ಹಿಡಿದ ಕೈ

ನಾಡಿನ ದೊಡ್ಡವರ ಹೆಸರುಗಳು ನಮಗೆಲ್ಲ ಬಾಯಿಪಾಠ. ಕವಿಗಳು, ದಿವಾನರು, ಸಂಗೀತ ವಿದ್ವಾಂಸರು, ಇವರ ಚಿತ್ರಗಳಿಗೆ ವರ್ಷಕ್ಕೊಮ್ಮೆ ಹಾರ ಹಾಕುತ್ತೇವೆ. ಆದರೆ ನಮ್ಮ ಮದುವೆ ಮುಂಜಿಗಳಲ್ಲಿ ಇನ್ನೂರು ಎಲೆಗೆ ಅಡಿಗೆ ಮಾಡಿದವರ ಹೆಸರೇನೆಂದು ಯಾರಾದರೂ ಕೇಳಿದರೆ, “ಅವರೇ, ಭಟ್ಟರು” ಎಂದು ಹೇಳಿ ಸುಮ್ಮನಾಗುತ್ತೇವೆ. ಉಂಡವರು ರುಚಿಯನ್ನು ನೆನೆಯುತ್ತಾರೆ, ಕೈಯನ್ನು ಮರೆಯುತ್ತಾರೆ. ಈ ಸಲ ನಮ್ಮ ಪುಟವನ್ನು ಅಂಥ ಒಂದು ಕೈಯ ನೆನಪಿಗೆ ಮೀಸಲಿಟ್ಟಿದ್ದೇವೆ. ಪುಣ್ಯಕ್ಕೆ ಅದರ ಹೆಸರು ಉಳಿದಿದೆ: ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು.

ಪಾರಂಪಳ್ಳಿ ಎಂಬುದು ಉಡುಪಿ ಸೀಮೆಯಲ್ಲಿ, ಸಾಲಿಗ್ರಾಮದ ಬಳಿ ಇರುವ ಹಳ್ಳಿ. ಅಲ್ಲಿಂದ ಅಣ್ಣತಮ್ಮಂದಿರು ಮೂವರು, ಪರಮೇಶ್ವರ, ಗಣಪ್ಪಯ್ಯ ಮತ್ತು ಯಜ್ಞನಾರಾಯಣ, ಬದುಕನ್ನು ಅರಸಿಕೊಂಡು ಬೆಂಗಳೂರಿಗೆ ಹೊರಟರು. ಕೈಯಲ್ಲಿ ಬಂಡವಾಳವಿಲ್ಲ, ಬಲ್ಲ ವಿದ್ಯೆ ಅಡಿಗೆಯೊಂದೇ. ಕಂಡವರ ಮನೆಯ ಒಲೆಯ ಮುಂದೆ ದುಡಿದ ಮೇಲೆ, ೧೯೨೪ರಲ್ಲಿ ಲಾಲ್‌ಬಾಗಿನ ಕಡೆ ಒಂದು ಸಣ್ಣ ಹೋಟೆಲು ಎದ್ದಿತು. ಅದರ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್’. ಯಾರು ಬೇಯಿಸಿದರು, ಯಾರ ಪಕ್ಕದಲ್ಲಿ ಕುಳಿತು ಉಂಡೆವು ಎಂಬುದನ್ನೇ ಜನ ಮೊದಲು ನೋಡುತ್ತಿದ್ದ ಕಾಲವದು. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ೧೯೬೦ರಲ್ಲಿ ಹೋಟೆಲು ಹೊಸ ಕಟ್ಟಡಕ್ಕೆ ಬಂದಾಗ ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂತು: ‘ಮಾವಳ್ಳಿ ಟಿಫಿನ್ ರೂಮ್ಸ್’. ನಾವೆಲ್ಲ ಎಂ.ಟಿ.ಆರ್. ಎನ್ನುವುದು ಅದನ್ನೇ.

ಅಡಿಗೆಯವನನ್ನು ಕುಶಲಕರ್ಮಿ ಎಂದು ಕರೆಯಬಹುದೆ ಎಂದು ಕೆಲವರು ಕೇಳಿಯಾರು. ಎರಡನೆಯ ಮಹಾಯುದ್ಧದ ಕಾಲವನ್ನು ನೋಡಿದರೆ ಉತ್ತರ ಸಿಗುತ್ತದೆ. ೧೯೪೨ರಲ್ಲಿ ಬರ್ಮಾ ಜಪಾನಿಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಬಾಗಿಲು ಹಾಕಿ ಕೂರುವುದು ಸುಲಭವಾಗಿತ್ತು. ಮಾವಳ್ಳಿಯ ಅಡಿಗೆಮನೆಯಲ್ಲಿ ರವೆಯನ್ನು ಕೈಗೆತ್ತಿಕೊಂಡರು. ರವೆ ಇಡ್ಲಿ ಹುಟ್ಟಿದ್ದು ಹೀಗೆ.

ನೋಡುವುದಕ್ಕೆ ಇದು ಸಣ್ಣ ಮಾತು. ಮಾಡಿನೋಡಿದ ಗೃಹಿಣಿಯರಿಗೆ ಗೊತ್ತು ಅದರ ಸೂಕ್ಷ್ಮ. ಅಕ್ಕಿಯ ಇಡ್ಲಿಗೆ ಅಕ್ಕಿ ಉದ್ದು ನೆನೆಯಬೇಕು, ರುಬ್ಬಬೇಕು, ರಾತ್ರಿಯೆಲ್ಲ ಹುದುಗಬೇಕು. ರವೆಗೆ ಆ ಕಾಯುವಿಕೆ ಇಲ್ಲ. ಆದರೆ ಹಸಿ ರವೆಯನ್ನು ಹಾಗೆಯೇ ಕಲಸಿದರೆ ಅಂಟಂಟಾಗುತ್ತದೆ. ಅದಕ್ಕೇ ಮೊದಲು ತುಪ್ಪದಲ್ಲಿ ಹದವಾಗಿ ಹುರಿಯುವುದು. ಹುಳಿಮೊಸರೂ ಸೋಡವೂ ಸೇರಿದಾಗ ಗಾಳಿಗುಳ್ಳೆಗಳೆದ್ದು ಹಿಟ್ಟು ಹಗುರಾಗುತ್ತದೆ. ಒಂದು ರಾತ್ರಿ ಮಾಡುವ ಕೆಲಸವನ್ನು ಹೀಗೆ ಕೆಲವೇ ನಿಮಿಷಗಳಲ್ಲಿ ಮಾಡಿಸಿದ್ದಾಯಿತು. ಬಡಗಿ ಮರದ ಗುಣವನ್ನು ಬಲ್ಲಂತೆ ಧಾನ್ಯದ ಗುಣವನ್ನು ಬಲ್ಲವರಿಗಲ್ಲದೆ ಇದು ಸಾಧ್ಯವೆ?

೧೯೫೧ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ಕಣ್ಣಾರೆ ಕಂಡುಬಂದರು. ಅವರು ತಂದದ್ದು ಅಲ್ಲಿಯ ತಿಂಡಿಯನ್ನಲ್ಲ, ಅಲ್ಲಿಯ ಶುಚಿಯನ್ನು. ತಟ್ಟೆ ಲೋಟಗಳನ್ನು ಬಿಸಿ ಹಬೆಯಲ್ಲಿ ಶುದ್ಧಮಾಡುವ ಪದ್ಧತಿ ಮಾವಳ್ಳಿಗೆ ಬಂತು. ಬಂದ ಗಿರಾಕಿಗಳು ಅಡಿಗೆಮನೆಯನ್ನು ನೋಡಿಕೊಂಡೇ ಒಳಗೆ ಹೋಗಬಹುದಾಗಿತ್ತು. ಅಡಿಗೆಮನೆಯ ಬಾಗಿಲನ್ನು ತೆರೆದಿಡುವುದಕ್ಕೆ ಧೈರ್ಯ ಬೇಕು. ಶುಭ್ರವಾದ ಕೆಲಸದಿಂದ ಮಾತ್ರ ಆ ಧೈರ್ಯ ಬರುತ್ತದೆ.

ಮಯ್ಯರು ೧೯೬೮ರಲ್ಲಿ ತೀರಿಕೊಂಡರು. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆ ಇಳಿಸಬೇಕೆಂದು ಆಜ್ಞೆಯಾದಾಗ ಗುಣವನ್ನು ಇಳಿಸಲು ಮನಸ್ಸು ಬಾರದೆ, ನಷ್ಟ ತಾಳಲಾರದೆ, ಹೋಟೆಲು ಕೆಲಕಾಲ ಮುಚ್ಚಿತು. ಆಗ ಕೈಹಿಡಿದದ್ದು ಪೊಟ್ಟಣದ ಹಿಟ್ಟು, ಪುಡಿಗಳ ವ್ಯಾಪಾರ. ಆ ವ್ಯಾಪಾರ ೨೦೦೭ರಲ್ಲಿ ನಾರ್ವೆ ದೇಶದ ಸಂಸ್ಥೆಯ ಪಾಲಾಯಿತು. ಹೋಟೆಲು ಮಾತ್ರ ಮನೆತನದವರಲ್ಲೇ ಉಳಿಯಿತು.

ಹೈದರಾಬಾದಿನ ನಮಗೆ ಈ ಕಥೆ ಏಕೆ ಬೇಕು? ನಮ್ಮಲ್ಲಿ ಬೀದರ, ಕಲಬುರ್ಗಿ, ರಾಯಚೂರಿನ ಕಡೆಯವರಿಗೆ ಈ ಊರು ೧೯೫೬ರವರೆಗೆ ತಮ್ಮ ರಾಜಧಾನಿಯೇ ಆಗಿತ್ತು. ಕರಾವಳಿಯವರು ಸೌಟು ಹಿಡಿದುಕೊಂಡು ಬಂದರು. ಈಚಿನವರು ಗಣಕಯಂತ್ರದ ಕೆಲಸಕ್ಕೆ ಬಂದರು. ಹೇಗೆ ಬಂದರೂ ಮೊದಲ ದಿನಗಳಲ್ಲಿ ನಮ್ಮನ್ನು ಸಾಕಿದ್ದು ಯಾರೋ ಮಾಡಿ ಬಡಿಸಿದ ಅನ್ನ. ಆದರೂ ತಂದೆ ಅಡಿಗೆಯವರಾಗಿದ್ದರೆಂದು ಹೇಳಿಕೊಳ್ಳಲು ಹಿಂಜರಿಯುವ ಮಕ್ಕಳು ನಮ್ಮ ನಡುವೆ ಇದ್ದಾರೆ. “ಹೋಟೆಲು ಇಟ್ಟಿದ್ದರು” ಎಂದರೆ ಗೌರವ, “ಒಲೆಯ ಮುಂದೆ ನಿಂತಿದ್ದರು” ಎಂದರೆ ಸಂಕೋಚ. ಈ ಸಂಕೋಚ ಅವರದಲ್ಲ. ಊಟವಾದ ಮೇಲೆ ಅಡಿಗೆಯವರ ಲೆಕ್ಕವನ್ನು ಎಲ್ಲರಿಗಿಂತ ಕೊನೆಗೆ ತೀರಿಸುವ ನಮ್ಮೆಲ್ಲರ ನಡತೆ ಕಲಿಸಿದ್ದು.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನಲ್ಲಿ ಜಾತ್ರೆಗೆ, ಮದುವೆಗೆ ಬೇಯಿಸಿ ಹಾಕಿದವರು ಯಾರು, ಅವರ ಕೈಯ ವಿಶೇಷ ಯಾವುದು, ಹುಳಿಯೋ ಹೋಳಿಗೆಯೋ, ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಕೇಳಬೇಕಾದವರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಬರುವ ಹಬ್ಬದ ಊಟದಲ್ಲಿ ಎಲೆಯಿಂದ ಏಳುವ ಮುನ್ನ ಅಡಿಗೆಯವರ ಹೆಸರನ್ನು ಕೇಳಿ, ಅವರು ಉಂಡರೆ ಎಂದೂ ವಿಚಾರಿಸಿ.