ನೀಲಿಗಟ್ಟುವ ತುಟಿ, ಹೇಳಬೇಕಾದ ಮಾತು

ಮದ್ದಿನಿಂದ ಆಗಬಹುದಾದ ಕೇಡನ್ನು ರೋಗಿಗೆ ಹೇಳಬೇಕೆ? ಹೇಳಿದರೆ ಹೆದರಿ ಮಾತ್ರೆಯನ್ನೇ ಬಿಟ್ಟಾರು ಎಂಬ ವಾದ ಹಳೆಯದು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯ ಮುಂದೆ ಆ ವಾದ ನಿಲ್ಲುವುದಿಲ್ಲ.

ಚಿತ್ರದುರ್ಗದ ಸೀಮೆಗೆ ಚಳಿಜ್ವರ ಹೊಸದಲ್ಲ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು ಮುಗಿದು ಹಿರಿಯೂರಿನ ಬಯಲಿಗೆ ನೀರು ಬಂತು, ನೀರಿನೊಡನೆ ಸೊಳ್ಳೆಯೂ. ಮುಂದೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಸಿದ ಊರುಗಳಲ್ಲಿ ಹಿರಿಯೂರೂ ಒಂದು.

ವೈವ್ಯಾಕ್ಸ್ ಮಲೇರಿಯಾದ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿದ್ದು, ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಕ್ಲೋರೋಕ್ವಿನ್‌ನಿಂದ ಜ್ವರ ಬೇಗ ಇಳಿದರೂ ಅಡಗಿದ್ದನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ನುಂಗಬೇಕು. ಈ ಮದ್ದು ಹಿಮೋಗ್ಲೋಬಿನ್‌ನ ಕಬ್ಬಿಣವನ್ನು ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟದ್ದು ಆಮ್ಲಜನಕ ಹೊರಲಾರದು. ಅದರ ಪಾಲು ನೂರಕ್ಕೆ ಹತ್ತು ಹದಿನೈದಕ್ಕೆ ಏರಿದರೆ ಮೈ ನೀಲಿಗಟ್ಟುತ್ತದೆ. ನಮ್ಮ ಕಂದು ಮೈಯಲ್ಲಿ ಅದನ್ನು ತುಟಿ, ನಾಲಿಗೆ, ಉಗುರುಗಳಲ್ಲಿ ಹುಡುಕಬೇಕು. ವಾಡಿಕೆಯ ಪ್ರಮಾಣದಲ್ಲಿ ಇದು ಸಾಮಾನ್ಯವಾಗಿ ಸೌಮ್ಯ. ಮದ್ದು ನಿಂತರೆ ಇಳಿಯುತ್ತದೆ. ಇದಕ್ಕಿಂತ ಅಪಾಯದ್ದು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಆಗುವ ಕೆಡುಕು: ಕೆಂಪು ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುತ್ತದೆ.

ಈ ಕೊರತೆ ತಿಳಿದದ್ದು 1956ರಲ್ಲಿ. ಅಮೆರಿಕದ ಸ್ಟೇಟ್‌ವಿಲ್ ಸೆರೆಮನೆಯ ಕೈದಿಗಳ ಮೇಲೆ ನಡೆದ ಪ್ರಯೋಗಗಳು ಅದಕ್ಕೆ ದಾರಿ ಮಾಡಿದವು. ಸೆರೆಯಲ್ಲಿದ್ದವರ ಮೈಯಿಂದ ಪಡೆದ ತಿಳಿವನ್ನು ಮದ್ದು ನುಂಗುವವರಿಂದ ಮುಚ್ಚಿಡುವ ಹಕ್ಕು ಯಾರಿಗಿದೆ?

ಹೆದರಿಕೆ ಹುಟ್ಟುವುದು ಮಾತಿನಿಂದಲ್ಲ, ಮಾತಿಲ್ಲದಿರುವುದರಿಂದ. ಹೊಳಲ್ಕೆರೆಯ ಅಡಿಕೆ ತೋಟದಲ್ಲೋ ಹೊಸದುರ್ಗದ ತೆಂಗಿನ ತೋಟದಲ್ಲೋ ಕೂಲಿಗೆ ಹೋಗುವವರು ಜ್ವರ ಬಿಟ್ಟೊಡನೆ ಕೆಲಸಕ್ಕೆ ಹೊರಡಲೇಬೇಕು. ಉಗುರು ನೀಲಿಯಾದರೆ, ಕಾರಣ ಗೊತ್ತಿಲ್ಲದವರು ವಿಷವೇರಿತೆಂದು ಮಾತ್ರೆ ಎಸೆದಾರು. ಇಲ್ಲವೇ ಮೂತ್ರ ಕಪ್ಪಾದರೂ ನುಂಗುತ್ತಲೇ ಇದ್ದಾರು. ಎರಡೂ ಕೇಡೇ.

ಮಾತ್ರೆ ಕೈಗಿಡುವಾಗ ಆಡಬೇಕಾದ ಮಾತು ದೊಡ್ಡದಲ್ಲ. “ಜ್ವರ ಬಿಟ್ಟರೂ ಹದಿನಾಲ್ಕು ದಿನ ನುಂಗಿ. ತುಟಿ ನೀಲಿಯಾದರೆ ಬಂದು ತೋರಿಸಿ. ಮೂತ್ರ ಕಪ್ಪಾದರೆ, ಏದುಸಿರು ಬಂದರೆ ನಿಲ್ಲಿಸಿ, ಕೂಡಲೇ ಬನ್ನಿ.” ಇಷ್ಟನ್ನು ಹೇಳದೆ ಕೊಟ್ಟ ಮದ್ದು ಅರ್ಧ ಮದ್ದು.