ಹಾಲ್‌ನಲ್ಲಿ ನಿಮ್ಮ ಜಾಗ ಎಲ್ಲಿ?

ಭಾನುವಾರ ಸಂಜೆ ಮನೆಗೆ ನೆಂಟರು ಬಂದರು ಅಂದುಕೊಳ್ಳಿ. ಸೋಫಾ ಅವರಿಗೆ, ಕೈಯಿರುವ ಕುರ್ಚಿ ಮಾವನವರಿಗೆ, ದಿವಾನದ ಮೇಲೆ ಯಜಮಾನರು, ಮಕ್ಕಳು. ಎಲ್ಲರಿಗೂ ಕಾಫಿ, ಖಾರ ಕೊಟ್ಟ ನೀವು? ಅಡುಗೆಮನೆ ಬಾಗಿಲಿಗೆ ಒರಗಿ ನಿಂತೇ ಮಾತಾಡುತ್ತೀರಿ. ‘ಬಾಮ್ಮಾ, ಕೂತ್ಕೋ’ ಅಂದರೆ ‘ಪರವಾಗಿಲ್ಲ ಬಿಡಿ’ ಅನ್ನುತ್ತೀರಿ. ಕೂರೋಕೆ ಜಾಗ ಇದ್ದರೆ ತಾನೇ?

ಇದಕ್ಕೊಂದು ಸುಲಭ ಪರಿಹಾರ ಪೂಫ್ ಅಥವಾ ಒಟ್ಟೊಮನ್. ಹೆಸರು ಕೇಳಿ ಗಾಬರಿ ಬೇಡ. ಬೆನ್ನು, ಕೈ ಇಲ್ಲದ ಮೆತ್ತನೆಯ ಪುಟ್ಟ ಆಸನ, ಅಷ್ಟೆ. ಗಟ್ಟಿ ಚೌಕಟ್ಟಿನ ಮೇಲೆ ಕುಶನ್ ಕೂರಿಸಿದ್ದು ಒಟ್ಟೊಮನ್. ದಿಂಬಿನ ಹಾಗೆ ತುಂಬಿದ್ದು ಪೂಫ್. ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯದ ತಗ್ಗು ಆಸನಗಳು 18ನೇ ಶತಮಾನದಲ್ಲಿ ಯೂರೋಪಿನ ಮನೆಗಳನ್ನು ಸೇರಿದಾಗ ಆ ಹೆಸರೇ ಉಳಿಯಿತು. ನಮ್ಮಲ್ಲಿ ಎಷ್ಟೋ ಅಂಗಡಿಯವರು ಎರಡಕ್ಕೂ ‘ಪಫಿ’ ಅಂತಲೇ ಅನ್ನುತ್ತಾರೆ. ಅಜ್ಜಿ ಕಾಲದ ಮಣೆ ನೆನಪಿದೆಯಲ್ಲ? ಬೇಕಾದಾಗ ಎಳೆದುಕೊಂಡು ಕೂರುವುದು, ಬೇಡದಾಗ ಮೂಲೆಗೆ ಸರಿಸುವುದು. ಪಫಿಯ ಕೆಲಸವೂ ಅದೇ.

ಆದರೆ ಎಷ್ಟೋ ಮನೆಗಳಲ್ಲಿ ಇದು ಬರೀ ಶೋಪೀಸ್. ಕರ್ಟನ್‌ಗೆ ಮ್ಯಾಚಿಂಗ್ ಅಂತ ತಂದು, ಅದರ ಮೇಲೆ ಹೂದಾನಿ ಇಟ್ಟು, ‘ಕೂರಬೇಡಿ, ಕೊಳೆಯಾಗುತ್ತೆ’ ಅಂತ ಮಕ್ಕಳನ್ನು ಗದರುತ್ತೇವೆ. ಹೀಗಾದರೆ ನಿಮಗೆ ಸಿಗುವುದು ಆಸನವಲ್ಲ, ದಿನಾ ಧೂಳು ಒರೆಸುವ ಇನ್ನೊಂದು ಕೆಲಸ!

ಕೊಳ್ಳಲು ಹೋಗುವಾಗ ಬ್ಯಾಗಿನಲ್ಲಿ ಟೇಪ್ ಇರಲಿ. ಸೋಫಾದ ಆಸನ ಸಾಮಾನ್ಯವಾಗಿ 16ರಿಂದ 18 ಇಂಚು ಎತ್ತರ ಇರುತ್ತದೆ. ಪಫಿ ಅಷ್ಟೇ ಇರಲಿ, ಇಲ್ಲವೇ ಒಂದೆರಡು ಇಂಚು ಕಡಿಮೆ ಇರಲಿ. 12 ಇಂಚಿನದು ನೋಡೋಕೆ ಮುದ್ದಾಗಿರುತ್ತೆ ನಿಜ, ಆದರೆ ಮಂಡಿನೋವು ಇರುವವರು ಏಳಲು ಒದ್ದಾಡುತ್ತಾರೆ, ಹಿಡಿದುಕೊಳ್ಳೋಕೆ ಕೈ ಕೂಡ ಇರುವುದಿಲ್ಲ. ಹಿರಿಯರಿಗೆ ಕುರ್ಚಿಯೇ ಸರಿ. ಹಾಲ್ ಚಿಕ್ಕದಾಗಿದ್ದರೆ ಸೆಂಟರ್ ಟೇಬಲ್ ತೆಗೆದು ಎರಡು ಪಫಿ ಇಡಿ. ಒಂದರ ಮೇಲೆ ಗಟ್ಟಿ ಟ್ರೇ ಇಟ್ಟರೆ ಅದೇ ಟೀಪಾಯಿ. ಓಡಾಡಲು ಎರಡೂವರೆ ಅಡಿಯಾದರೂ ದಾರಿ ಬಿಡಿ.

ಒಳಗೆ ಸಾಮಾನು ಇಡುವ ಒಟ್ಟೊಮನ್ ಆದರೆ ಬೆಡ್‌ಶೀಟ್, ಆಟಿಕೆಗಳಿಗೂ ಜಾಗವಾಯಿತು. ಮುಚ್ಚಳ ಧಡಕ್ಕನೆ ಬೀಳುತ್ತಾ ಅಂತ ಅಂಗಡಿಯಲ್ಲೇ ನೋಡಿ, ಮಕ್ಕಳ ಬೆರಳು ಜೋಕೆ. ಜಿಪ್ ಇರುವ, ಒಗೆಯಲು ಬರುವ ದಪ್ಪ ಕಾಟನ್ ಕವರ್ ಒಳ್ಳೆಯದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಪಫಿಗೆ ಬೂಷ್ಟು ಹಿಡಿಯುತ್ತದೆ.

ದುಡ್ಡು ಖರ್ಚು ಮಾಡಲೇಬೇಕು ಅಂತೇನಿಲ್ಲ. ಉಡದೆ ಬಿದ್ದಿರುವ ಕಾಟನ್ ಸೀರೆ, ಹಳೆಯ ಬೆಡ್‌ಶೀಟ್ ಬೀರುವಿನಲ್ಲಿ ಇದ್ದೇ ಇರುತ್ತವೆ. ಟೈಲರ್ ಹತ್ತಿರ ದಪ್ಪ ಬಟ್ಟೆಯ ಗುಂಡನೆ ಚೀಲ ಹೊಲಿಸಿ, ಅವನ್ನು ಮಡಚಿ ಒತ್ತೊತ್ತಾಗಿ ತುಂಬಿ. ಕೆಲವು ತಿಂಗಳಿಗೆ ತಗ್ಗಿದರೆ ಇನ್ನೊಂದೆರಡು ಸೀರೆ ಸೇರಿಸಿದರಾಯಿತು.

ಬೆಳಗಿನಿಂದ ಒಲೆ ಮುಂದೆ ನಿಂತ ಕಾಲುಗಳಿಗೂ ಇದು ಬೇಕು. ಸೀರಿಯಲ್ ನೋಡುವಾಗ ಅದರ ಮೇಲೆ ಕಾಲು ಚಾಚಿ. ‘ಅತ್ತೆ ಏನಂದುಕೊಳ್ತಾರೋ’ ಎಂಬ ಸಂಕೋಚವೇ? ಅವರಿಗೂ ಒಂದು ಕೊಡಿ, ಅವರ ಕಾಲೂ ನೊಂದಿರುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಪಫಿಯನ್ನು ಅಡುಗೆಮನೆ ಬಾಗಿಲ ಬಳಿ ಇಡಬೇಡಿ, ಸೋಫಾ ಪಕ್ಕದಲ್ಲೇ ಇಡಿ. ಮುಂದಿನ ಸಲ ನೆಂಟರು ಬಂದಾಗ ಟ್ರೇಯಲ್ಲಿ ನಿಮ್ಮ ಕಾಫಿ ಲೋಟವೂ ಇರಲಿ. ಎಲ್ಲರಿಗೂ ಕೊಟ್ಟು, ಪಫಿ ಎಳೆದುಕೊಂಡು, ಅವರೆದುರೇ ಕೂತು ಬಿಸಿಬಿಸಿಯಾಗಿ ಕುಡಿಯಿರಿ.