ಚಳಿಯನ್ನು ಬಯ್ಯಬೇಡಿ, ಬಾನೆಟ್ ಎತ್ತಿ ನೋಡಿ

ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೆಳಗಿನ ಜಾವ ಒಂದೇ ಮಾತು: "ಚಳಿಗೆ ಗಾಡಿ ಸ್ಟಾರ್ಟ್ ಆಗ್ತಿಲ್ಲ." ಕಡಲೆಕಾಯಿ ಪರಿಷೆಗೆ ಮೂಟೆ ತಂದು ಬಸವನಗುಡಿಯಲ್ಲಿ ನಿಂತ ಲಾರಿಯದ್ದೂ ಅದೇ ಕತೆ. ಕೆ.ಆರ್. ಮಾರ್ಕೆಟ್ಟಿಗೆ ಸೊಪ್ಪು, ಹೂವು ಇಳಿಸಿ ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ನಿಂತ ಹಳೇ 407ನದ್ದೂ ಅದೇ ಕತೆ. ಡ್ರೈವರ್ ಹೇಳುತ್ತಾನೆ ಚಳಿ ಅಂತ, ಓನರ್ ಹೇಳುತ್ತಾನೆ ಚಳಿ ಅಂತ, ಮೆಕ್ಯಾನಿಕ್ ಬಿಲ್ ಬರೆಯುವಾಗಲೂ ಚಳಿ ಅಂತಾನೆ.

ನಾವು ಇದನ್ನು ಒಪ್ಪುವುದಿಲ್ಲ.

ಮೊದಲು ಲೆಕ್ಕ ನೋಡಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಸರಾಸರಿ ಕನಿಷ್ಠ ತಾಪಮಾನ ಸುಮಾರು 16 ಡಿಗ್ರಿ. ಈ ಊರಿನ ದಾಖಲೆಯ ಚಳಿ 1884ರ ಜನವರಿ 13ರಂದು ಬಿತ್ತು, ಅದೂ 7.8 ಡಿಗ್ರಿ. ಇನ್ನು ಡೀಸೆಲ್ ವಿಷಯ. ಚಳಿಗಾಲದ ಡೀಸೆಲ್ 6 ಡಿಗ್ರಿಗೆ ಇಳಿದರೂ ಮೇಣ ಕಟ್ಟಿ ಫಿಲ್ಟರ್ ಮುಚ್ಚಬಾರದು ಎಂದು ಭಾರತೀಯ ಮಾನಕ ಐಎಸ್ 1460 ಹೇಳುತ್ತದೆ. ನಿಜವಾಗಿ ಡೀಸೆಲ್ ಹೆಪ್ಪುಗಟ್ಟುವುದು ಲಡಾಖಿನಂಥ ಕಡೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ಮಾಗಡಿಯಿಂದಲೋ ಮಾಲೂರಿನಿಂದಲೋ ಬಂದು ಮಾರ್ಕೆಟ್ ಹತ್ತಿರ ನಿಂತ ಗಾಡಿಯ ಟ್ಯಾಂಕಿನಲ್ಲಿ ಡೀಸೆಲ್ ಗಟ್ಟಿಯಾಯಿತು ಎನ್ನುವವರನ್ನು ನಂಬಬೇಡಿ.

ಹಾಗಾದರೆ ಚಳಿ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಕಬ್ಬಿಣ ತಣ್ಣಗಿದ್ದರೆ ಆ ಕಾವಿನಲ್ಲಿ ಒಂದಷ್ಟನ್ನು ಅದೇ ಹೀರುತ್ತದೆ. ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಶಕ್ತಿ ಸ್ವಲ್ಪ ಕುಗ್ಗುತ್ತದೆ. ಇಷ್ಟೇ. ಗಟ್ಟಿಯಾಗಿರುವ ಗಾಡಿ 16 ಡಿಗ್ರಿಯಲ್ಲಿ ಇದನ್ನೆಲ್ಲ ಲೆಕ್ಕಕ್ಕೇ ಇಡುವುದಿಲ್ಲ. ಬೇಸಿಗೆಯಲ್ಲಿ ಹೇಗೋ ತಳ್ಳಿಕೊಂಡು ಬಂದ ರೋಗವನ್ನು ಚಳಿ ಹೊರಗೆ ಹಾಕುತ್ತದೆ, ಅಷ್ಟೇ.

ಇದರ ಬೆಲೆ ತೆರುವವರು ಯಾರು? ರಾತ್ರಿ ಎರಡು ಗಂಟೆಗೆ ಊರಲ್ಲಿ ಲೋಡ್ ಆದ ಗಾಡಿ ನಾಲ್ಕಕ್ಕೆ ಹೊರಟರೆ ಸೊಪ್ಪು ಮಾರ್ಕೆಟ್ ತಲುಪುವಾಗ ಒಳ್ಳೆ ಗಿರಾಕಿ ಹೋಗಿಯಾಗಿರುತ್ತದೆ. ಆ ನಷ್ಟ ರೈತನದು. ಇಳಿಸಿದ ಮೇಲೆ ಗಾಡಿ ಏಳದಿದ್ದರೆ ಭಾರಿ ಗಾಡಿಗಳಿಗೆ ನಿರ್ಬಂಧ ಇರುವ ಹೊತ್ತಿಗೆ ನಗರದ ನಡುವೆ ಸಿಕ್ಕಿಬೀಳುತ್ತದೆ. ಆ ದಂಡ ಎಷ್ಟೋ ಸಲ ಡ್ರೈವರ್ ಸಂಬಳದಲ್ಲೇ ಮುರಿದುಹೋಗುತ್ತದೆ. ಗಾಡಿಯ ಹೊಟ್ಟೆ ನೋಡಿಕೊಳ್ಳದ ಮಾಲೀಕ ಮಾತ್ರ ಚಳಿಯನ್ನು ಬೈದು ಕೈತೊಳೆದುಕೊಳ್ಳುತ್ತಾನೆ. ಚಳಿಯ ಮೇಲೆ ತಪ್ಪು ಹೊರಿಸಿದರೆ ಯಾರೂ ಜವಾಬ್ದಾರರಲ್ಲ. ಅದಕ್ಕೇ ಈ ಸಬೂಬು ಎಲ್ಲರಿಗೂ ಇಷ್ಟ.

ಗಾಡಿಯೇ ಹೇಳುತ್ತದೆ, ಕೇಳಿಸಿಕೊಳ್ಳಿ

ಸೆಲ್ಫ್ ಹೊಡೆದಾಗ ಮೂರು ವಿಷಯ ಗಮನಿಸಿದರೆ ಅರ್ಧ ಕೆಲಸ ಮುಗಿಯಿತು.

ಒಂದು: ಎಂಜಿನ್ ನಿಧಾನ ತಿರುಗುತ್ತಿದೆ. ಇದು ಕರೆಂಟಿನ ದೋಷ ಇರಬಹುದು. ಹಾಗೆಂದು ತಕ್ಷಣ ಹೊಸ ಬ್ಯಾಟರಿ ತರಬೇಡಿ. ರಾತ್ರಿ ಇಡೀ ನಿಂತ 12 ವೋಲ್ಟ್ ಬ್ಯಾಟರಿ ಬೆಳಗ್ಗೆ 12.6 ಆಸುಪಾಸು ತೋರಿಸಬೇಕು, 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಅದೇ ಮೀಟರ್ 14ರ ಹತ್ತಿರ ತೋರಿಸದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಡೈನಮೋದ್ದು ಅಥವಾ ಬೆಲ್ಟಿನದ್ದು. ಟರ್ಮಿನಲ್ ಮೇಲೆ ಬಿಳಿ ಹೂವು ಕಟ್ಟಿದೆಯೇ, ಚಾಸಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದೆಯೇ ನೋಡಿ. ಒಂದು ತಂತಿ ಬ್ರಷ್ ಮಾಡುವ ಕೆಲಸಕ್ಕೆ ಸಾವಿರಾರು ರೂಪಾಯಿ ಬ್ಯಾಟರಿ ಬೇಕಿಲ್ಲ. 24 ವೋಲ್ಟ್ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ, ಎರಡನ್ನೂ ಬೇರೆಬೇರೆ ಅಳೆಯಿರಿ.

ಎರಡು: ಚೆನ್ನಾಗಿ ತಿರುಗುತ್ತದೆ, ಸೈಲೆನ್ಸರಿನಿಂದ ಹೊಗೆಯೇ ಇಲ್ಲ. ಅಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ. ಹಳೇ ಗಾಡಿಯಲ್ಲಿ ಇದೇ ಹೆಚ್ಚು. ಪೈಪಿನ ಜಾಯಿಂಟಿನಲ್ಲಿ ತಾಮ್ರದ ವಾಷರ್ ಸವೆದಿದ್ದರೆ ಗಾಳಿ ಎಳೆದುಕೊಂಡು, ರಾತ್ರಿ ನಿಂತಾಗ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರುತ್ತದೆ. ಹಗಲು ನಿಲ್ಲಿಸಿದರೆ ಸಲೀಸಾಗಿ ಏಳುವ ಗಾಡಿ ರಾತ್ರಿ ನಿಂತರೆ ಮಾತ್ರ ಕಾಟ ಕೊಡುತ್ತದೆ ಎಂದರೆ ಮೊದಲು ಇಲ್ಲಿ ನೋಡಿ. ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಗುಳ್ಳೆ ಬಂದರೆ ಕಳ್ಳ ಸಿಕ್ಕ. ಫಿಲ್ಟರಿನ ತಳದ ನೀರು ಬಿಡಿ. ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಬಂದಿದೆಯೇ ಎಂದೂ ನೋಡಿ.

ಮೂರು: ತಿರುಗುತ್ತದೆ, ಬಿಳಿ ಹೊಗೆ ಬರುತ್ತದೆ, ಹೊತ್ತಿಕೊಳ್ಳುವುದಿಲ್ಲ. ಡೀಸೆಲ್ ಹೋಗುತ್ತಿದೆ, ಕಾವು ಸಾಲುತ್ತಿಲ್ಲ. ಗ್ಲೋ ಪ್ಲಗ್ ಇರುವ ಗಾಡಿಯಾದರೆ ಅದನ್ನು ಪರೀಕ್ಷಿಸಿ. ಇಲ್ಲದಿದ್ದರೆ ಇಂಜೆಕ್ಟರ್, ಪಂಪಿನ ಟೈಮಿಂಗ್, ಟ್ಯಾಪೆಟ್, ಕೊನೆಗೆ ಕಂಪ್ರೆಷನ್. ರಿಂಗ್ ಸವೆದು ಕಂಪ್ರೆಷನ್ ಹೋಗಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ, ಎಂಜಿನ್ ಬಿಚ್ಚಲೇಬೇಕು. ಇದನ್ನು ಮುಚ್ಚಿಟ್ಟು ಗಾಡಿ ಓಡಿಸುವುದು ಬೀದಿಯ ಜನರ ಮೂಗಿಗೆ ಹೊಗೆ ಹಿಡಿದಂತೆ.

ನಿಲ್ಲಿಸಬೇಕಾದ ಚಟಗಳು

ಚಿಂದಿಗೆ ಡೀಸೆಲ್ ಸುರಿದು ಎಂಜಿನ್ ಕೆಳಗೆ ಬೆಂಕಿ ಹಾಕುವುದು ಇನ್ನೂ ನಡೆಯುತ್ತಿದೆ. ಪಕ್ಕದಲ್ಲಿ ಗೋಣಿಚೀಲ, ಬಾಳೆ ಎಲೆಯ ಕಟ್ಟು, ಕ್ಯಾಬಿನ್ನಿನಲ್ಲಿ ಮಲಗಿದ ಕ್ಲೀನರ್. ಮೇಲೆ ಜಿನುಗುವ ಪೈಪು. ಇದಕ್ಕೆ ಧೈರ್ಯ ಎಂದು ಹೆಸರಿಡಬೇಡಿ.

ಏರ್ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡೆಯುವುದು ಇನ್ನೊಂದು. ಗ್ಲೋ ಪ್ಲಗ್ ಕಾದಿದ್ದರೆ ಅದು ಒಳಗೇ ಸಿಡಿಯಬಹುದು. ಪ್ಲಗ್ ಇಲ್ಲದ ಎಂಜಿನ್ನಿನಲ್ಲೂ ದಿನಾ ಹೊಡೆದರೆ ಪಿಸ್ಟನ್, ರಿಂಗಿಗೆ ಪೆಟ್ಟು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವವರಿಗೂ ಒಂದು ಮಾತು: ಡೀಸೆಲ್ ಪಂಪಿಗೆ ಜಿಡ್ಡು ಕೊಡುವುದೇ ಡೀಸೆಲ್. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಇವತ್ತು ಗಾಡಿ ಎದ್ದೀತು, ನಾಳೆ ಪಂಪ್ ಕೂರುತ್ತದೆ. ಸೆಲ್ಫ್ ಅನ್ನು ನಿಮಿಷಗಟ್ಟಲೆ ಒತ್ತುವುದೂ ಬೇಡ. ಹತ್ತು ಸೆಕೆಂಡ್ ಹೊಡೆದು ಬಿಡುವು ಕೊಡಿ, ಇಲ್ಲವಾದರೆ ಮೋಟಾರ್ ಸುಡುತ್ತದೆ.

"ಹಳೇ ಗಾಡಿ, ಗುಜರಿಗೆ ಹಾಕಿ" ಎನ್ನುವವರೂ ಇದ್ದಾರೆ. ಹೊಸ ಗಾಡಿಯ ಕಂತು ಅವರು ಕಟ್ಟುತ್ತಾರೆಯೇ? ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಯ ದೊಡ್ಡ ಗುಣವೇ ಸ್ಪ್ಯಾನರ್ ಹಿಡಿದವನಿಗೆ ಅದು ಅರ್ಥವಾಗುವುದು. ಅದರ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆ ಮಾರ್ಕೆಟ್ಟಿನ ಕೂಗಳತೆಯಲ್ಲೇ ಇವೆ. ನಾವು ಹಳೇ ಗಾಡಿಯ ಪರ, ಕೆಟ್ಟ ಗಾಡಿಯ ಪರ ಅಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಮಾಲೀಕರೇ, ದೀಪಾವಳಿಗೆ ಗಾಡಿಗೆ ಹಾರ ಹಾಕುವ ಮೊದಲು ಬ್ಯಾಟರಿ ಅಳೆಸಿ, ಡೀಸೆಲ್ ಫಿಲ್ಟರ್, ವಾಷರ್ ಬದಲಿಸಿ, ಟ್ಯಾಪೆಟ್ ಹಿಡಿಸಿ, ಕಂಪನಿ ಹೇಳಿದ ಗ್ರೇಡಿನ ಆಯಿಲ್ ಹಾಕಿಸಿ. ಇಷ್ಟೂ ಮಾಡದೆ ಗಾಡಿ ನಿಂತರೆ ಡ್ರೈವರ್ ಸಂಬಳಕ್ಕೆ ಕೈಹಾಕುವ ಹಕ್ಕು ನಿಮಗಿಲ್ಲ. ಮೆಕ್ಯಾನಿಕ್ ಅಣ್ಣಂದಿರೇ, ಬಿಲ್ ಬರೆಯುವ ಮೊದಲು ಮೀಟರ್ ತೋರಿಸಿ, ತೆಗೆದ ಹಳೇ ಸಾಮಾನು ಕೈಗೆ ಕೊಡಿ. ಡ್ರೈವರ್‌ಗಳೇ, ಗಾಡಿ ನಿಧಾನ ತಿರುಗಿತೋ, ಹೊಗೆ ಬಂತೋ, ಯಾವ ಬಣ್ಣ ಅನ್ನುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ನಾಳೆ ನಿಮ್ಮ ಮೇಲೆ ತಪ್ಪು ಹೊರಿಸಿದಾಗ ಅದೇ ನಿಮ್ಮ ಸಾಕ್ಷಿ.

ಚಳಿ ಪ್ರತಿ ವರ್ಷ ಹೇಳಿಯೇ ಬರುತ್ತದೆ. ಹೇಳಿ ಬರುವ ನೆಂಟನಿಗೆ ತಯಾರಾಗದವರು ನೆಂಟನನ್ನು ಬೈದು ಪ್ರಯೋಜನವಿಲ್ಲ.